ತೋಟದ ವಸ್ತಿಗೆ ಫೈಬರ್ ಯಾಕೆ ಬರುವುದಿಲ್ಲ?

ಜಮಖಂಡಿ ಪೇಟೆಯಲ್ಲಿರುವ ನಿಮ್ಮ ಅಣ್ಣನ ಮನೆಗೆ ತಿಂಗಳಿಗೆ 399 ರೂಪಾಯಿಯ ಫೈಬರ್ ಇಂಟರ್ನೆಟ್ ಬಂದಿದೆ. ಊರಿನಿಂದ ಮೂರು ಕಿಲೋಮೀಟರ್ ಆಚೆ ಇರುವ ನಿಮ್ಮ ತೋಟದ ವಸ್ತಿಯನ್ನು ನೋಡಿದವರೆಲ್ಲ ‘ಫೀಸಿಬಲ್ ಇಲ್ಲ’, ಅಂದರೆ ಆಗುವ ಮಾತಲ್ಲ, ಎಂದು ಹೋದರು. ನಿಜವಾದ ಕಾರಣವೇನು, ಈಗ ಏನು ಮಾಡಬೇಕು ಎಂದು ಕೇಳಿದ್ದೀರಿ. ಹಾಗೆ ಹೇಳಿ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ. ಮುಧೋಳ ಕಡೆಯ ಒಬ್ಬ ಕೇಬಲ್ ಆಪರೇಟರ್ ಬಳಿ ಐದು ವರ್ಷ ಕೇಬಲ್ ಎಳೆದಿದ್ದೇನೆ, ಜಾಯಿಂಟ್ ಹಾಕಿದ್ದೇನೆ.

ದೂರ ಎಂಬುದು ನೆಪ. ಮನೆಗಳಿಗೆ ಕೊಡುವ ಫೈಬರ್‌ನಲ್ಲಿ ಆಪರೇಟರ್‌ನ ಯಂತ್ರದಿಂದ ಸುಮಾರು 20 ಕಿಲೋಮೀಟರ್‌ವರೆಗೆ ಸಿಗ್ನಲ್ ಸಾಗುತ್ತದೆ. ಒಂದು ಎಳೆಯನ್ನು ಸ್ಪ್ಲಿಟರ್ ಹಾಕಿ 32 ಮನೆಗಳಿಗೆ ಹಂಚಬಹುದು. ನಿಜವಾದ ಕಾರಣ ಬಾಗಿಲುಗಳ ಲೆಕ್ಕ. ಊರೊಳಗೆ ಮೂರು ಕಿಲೋಮೀಟರ್ ಕೇಬಲ್ ಎಳೆದರೆ ಅದು ನೂರಾರು ಬಾಗಿಲುಗಳ ಮುಂದೆ ಹಾಯುತ್ತದೆ. ತೋಟದ ದಾರಿಯಲ್ಲಿ ಎಳೆದರೆ ಆರು ಬಾಗಿಲು, ಅದರಲ್ಲಿ ಇಬ್ಬರು ‘ಮೊಬೈಲ್ ಸಾಕು’ ಎನ್ನುತ್ತಾರೆ. ಸಾಲದ್ದಕ್ಕೆ ಕಬ್ಬು ನುರಿಸುವ ಹಂಗಾಮು ಶುರುವಾದರೆ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಟ್ರೇಲರ್‌ಗಳು ಜೋತುಬಿದ್ದ ಕೇಬಲನ್ನು ಕಿತ್ತುಕೊಂಡು ಹೋಗುತ್ತವೆ. ಒಂದು ಜಾಯಿಂಟಿಗಾಗಿ ಅರ್ಧ ದಿನ ಕೆಸರು ತುಳಿಯಬೇಕು. ನಮ್ಮ ಆಪರೇಟರ್ ಈ ಲೆಕ್ಕವನ್ನು ಬಾಯಲ್ಲೇ ಹಾಕಿ ಇಲ್ಲ ಎನ್ನುತ್ತಿದ್ದ. ನಾವು ಅದನ್ನು ಇಂಗ್ಲಿಷ್ ಮಾಡಿ ನಿಮಗೆ ಹೇಳುತ್ತಿದ್ದೆವು. ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ ಕೇಳಿದ್ದರು: “ಕರೆಂಟಿನ ಕಂಬ ನನ್ನ ಹೊಲದ ಬದುವಿನ ಮೇಲೇ ಇದೆ ತಮ್ಮಾ, ಅದಕ್ಕೆ ಸಿಕ್ಕ ದಾರಿ ನಿನ್ನ ಕೇಬಲಿಗೆ ಯಾಕೆ ಸಿಗುವುದಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ.

ಸರ್ಕಾರದ ಕೇಬಲ್ ಬಂದಿದೆಯಲ್ಲ ಎನ್ನಬಹುದು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಾದ ಯೋಜನೆಯ ಗುರಿಯೇ ಗ್ರಾಮ ಪಂಚಾಯಿತಿ ಮುಟ್ಟುವುದು. ಅಲ್ಲಿಂದ ಮನೆಗೆ ಎಳೆಯಬೇಕಾದವನು ಮತ್ತೆ ನಮ್ಮಂಥ ಆಪರೇಟರನೇ. 2023ರಲ್ಲಿ ಪರಿಷ್ಕರಿಸಿದ 1.39 ಲಕ್ಷ ಕೋಟಿ ರೂಪಾಯಿಯ ಯೋಜನೆಯಲ್ಲಿ ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಬಂದರೆ ಸಂಪರ್ಕ ಕೊಡುವ ಮಾತಿದೆ. ಆದರೆ ವಸ್ತಿ ಎಂದರೆ ಹಳ್ಳಿಯಲ್ಲ, ಯಾವುದೋ ಹಳ್ಳಿಯ ಸರ್ವೆ ನಂಬರುಗಳ ನಡುವಿನ ನಾಲ್ಕಾರು ಮನೆ. ಪಟ್ಟಿಯಲ್ಲಿ ಅದಕ್ಕೆ ಹೆಸರೇ ಇಲ್ಲ.

ಇನ್ನು ಕರೆಂಟು. ಹಳ್ಳಿಗಳಿಗೆ ಕರೆಂಟು ಕೊಡುವ ಸರ್ಕಾರದ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ (ಕರೆಂಟಿನ ಸಾಲು) ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದವು. ಊರಿಗೆ ಅನುಕೂಲವಾಯಿತು, ತೋಟದಲ್ಲಿ ಮನೆ ಮಾಡಿಕೊಂಡವರು ಬಹುತೇಕ ಗಂಟೆಗಟ್ಟಲೆ ಕರೆಂಟು ಹೋಗುವ ಪಂಪ್‌ಸೆಟ್ ಸಾಲಿನಲ್ಲೇ ಉಳಿದರು. ಫೈಬರ್ ತಂದುಕೊಂಡರೂ ಕರೆಂಟು ಹೋದ ಕ್ಷಣ ರೌಟರ್ ಸತ್ತಂತೆಯೇ. ರೌಟರಿಗಷ್ಟೇ ಬ್ಯಾಟರಿಯಾಗುವ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಒಂದನ್ನು ಮೊದಲ ದಿನವೇ ತೆಗೆದುಕೊಳ್ಳಿ. ಮನೆಯ ದೊಡ್ಡ ಇನ್ವರ್ಟರಿಗೆ ಕಾಯಬೇಡಿ.

ಮಾಡಬೇಕಾದದ್ದು ಇಷ್ಟು: ಒಬ್ಬರೇ ಫೋನ್ ಮಾಡಬೇಡಿ. ದಾರಿಯುದ್ದಕ್ಕೂ ಇರುವ ಮನೆಗಳನ್ನು ಎಣಿಸಿ, ಬೇಕೆನ್ನುವವರ ಸಹಿ ಹಾಕಿಸಿ, ಯಾರ ಬದುವಿನ ಮೇಲೆ ಕೇಬಲ್ ಹೋಗಬೇಕೋ ಅವರ ಒಪ್ಪಿಗೆಯನ್ನೂ ಅದೇ ಹಾಳೆಯಲ್ಲಿ ಪಡೆದು ಆಪರೇಟರ್ ಮುಂದೆ ಇಡಿ. ನಮ್ಮ ಅರ್ಧ ಜಗಳ ಬದುವಿನದೇ ಇರುತ್ತಿತ್ತು. ಕೇಬಲಿನ ಖರ್ಚಿನಲ್ಲಿ ಒಂದು ಪಾಲು ನೀವೆಲ್ಲ ಹಾಕುತ್ತೀರಿ ಎಂದರೆ ಮಾತು ಬೇಗ ಮುಗಿಯುತ್ತದೆ. ಹತ್ತಿರದ ಟವರಿನಿಂದ ಮನೆಗೆ 5ಜಿ ಸಿಗ್ನಲ್ ಚೆನ್ನಾಗಿ ಬರುತ್ತಿದ್ದರೆ ಮಾಳಿಗೆಯ ಮೇಲೆ ಆಂಟೆನಾ ಕೂರಿಸುವ ಸಂಪರ್ಕವನ್ನೂ ಕೇಳಿ ನೋಡಿ. ಬದುವಿನ ತಕರಾರೇ ಇಲ್ಲ.

399 ಎಂಬ ಸಂಖ್ಯೆಯನ್ನು ನಂಬಿ ಕೂರಬೇಡಿ. 18 ಶೇಕಡ ಜಿಎಸ್‌ಟಿ ಸೇರಿದರೆ 471. ನಾನಿದ್ದ ಕಡೆ ಅದರ ಮೇಲೆ ಆರು ತಿಂಗಳ ಮುಂಗಡ, ಜೋಡಣೆಯ ಶುಲ್ಕ. ನೀವು ಕಬ್ಬಿನ ಬಿಲ್ ಹಣ ಬಂದಾಗ ಕಟ್ಟುತ್ತೀರಿ. ವಾರದ ಸಂತೆಯ ದಿನ ಪಗಾರ ಎಣಿಸಿಕೊಳ್ಳುವವರು ಅಷ್ಟನ್ನು ಒಮ್ಮೆಗೇ ಎಲ್ಲಿಂದ ತರಬೇಕು? ಅವರು ಮೊಬೈಲಿಗೆ ಸಣ್ಣ ಸಣ್ಣ ಪ್ಯಾಕ್ ಹಾಕಿಸುತ್ತಾ, ಒಂದೊಂದು ಜಿಬಿಗೆ ನಿಮಗಿಂತ ಹೆಚ್ಚು ತೆರುತ್ತಾರೆ. ಬಡವರಿಗೇ ಇಂಟರ್ನೆಟ್ ದುಬಾರಿ ಎಂಬುದನ್ನು ಈ ಕೆಲಸಕ್ಕೆ ಸೇರುವ ಮೊದಲು ನಾನು ನಂಬಿರಲಿಲ್ಲ. ನಿಮ್ಮ ತೋಟದ ಆಳುಗಳು ಅಲ್ಲೇ ಸಂಸಾರ ಮಾಡಿಕೊಂಡಿದ್ದರೆ ಅವರ ಮನೆಯನ್ನೂ ಹಾಳೆಗೆ ಬರೆಯಿರಿ, ಅವರ ಮುಂಗಡವನ್ನು ತಿಂಗಳ ಕಂತಿಗೆ ಇಳಿಸಲು ಹೇಳಿ. ಆಪರೇಟರ್ ಗೊಣಗುತ್ತಾನೆ, ಆಮೇಲೆ ಒಪ್ಪುತ್ತಾನೆ. ಆ ದಾರಿಯಲ್ಲಿ ಏಳನೆಯ ಮನೆ ಅವನಿಗೂ ಬೇಕು.