ಎನ್‌ಜಿಇಎಫ್ ಮೋಟಾರಿಗೆ ಬಿಡಿಭಾಗ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ಹಿಟ್ಟಿನ ಗಿರಣಿಯಲ್ಲಿ ಅಪ್ಪನ ಕಾಲದ 5 ಎಚ್‌ಪಿ ತ್ರೀ ಫೇಸ್ ಎನ್‌ಜಿಇಎಫ್ ಮೋಟಾರ್ ಇದೆ. ಈಚೆಗೆ ಗರಗರ ಸದ್ದು ಜಾಸ್ತಿಯಾಗಿದೆ. ಹಿಂದಿನ ಫ್ಯಾನ್ ಮುರಿದಿದೆ, ವೈರ್ ಕೊಡುವ ಪ್ಲೇಟ್ ಸುಟ್ಟಿದೆ. ಅಂಗಡಿಯವರು ‘ಆ ಕಂಪನಿಯೇ ಇಲ್ಲ, ಗುಜರಿಗೆ ಹಾಕಿ’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಎನ್‌ಜಿಇಎಫ್ ಅಂದರೆ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿದ್ದ ಸರ್ಕಾರಿ ವಿದ್ಯುತ್ ಉಪಕರಣ ಕಾರ್ಖಾನೆ. ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ನಡೆಯುತ್ತಿತ್ತು. 2002ರ ಹೊತ್ತಿಗೆ ಬಾಗಿಲು ಹಾಕಿತು. ಆದರೆ ಅಲ್ಲಿಂದ ಬಂದ ಮೋಟಾರ್‌ಗಳು ಮೋಟಾರಿಗೆ ತಂತಿ ಸುತ್ತುವ ನನ್ನ ವೈಂಡಿಂಗ್ ಅಂಗಡಿಗೆ ಈಗಲೂ ಬರುತ್ತವೆ, ರಿಪೇರಿಯಾಗಿ ವಾಪಸ್ಸೂ ಹೋಗುತ್ತವೆ. ನೀವು ಅಂಗಡಿಯಲ್ಲಿ ಕಂಪನಿ ಹೆಸರು ಹೇಳಿ ಕೇಳಿದ್ದೀರಿ ಅನ್ನಿಸುತ್ತದೆ. ಹಾಗೆ ಕೇಳಿದರೆ ‘ಇಲ್ಲ’ ಅನ್ನುವ ಉತ್ತರವೇ ಬರುತ್ತದೆ. ನಂಬರ್ ಮತ್ತು ಅಳತೆ ಹೇಳಿ ಕೇಳಿ.

ಮೊದಲು ಬೇರಿಂಗ್. ಗರಗರ ಸದ್ದು ಬಹುಮಟ್ಟಿಗೆ ಅದರದೇ. ಮೋಟಾರ್ ಬಿಚ್ಚಿಸಿ, ಹಳೇ ಬೇರಿಂಗನ್ನು ಪುಲ್ಲರ್ ಹಾಕಿ ತೆಗೆಸಿ, ಬದಿ ಒರೆಸಿ ನೋಡಿ. ನಂಬರ್ ಕೊರೆದಿರುತ್ತದೆ. 1440 ಆರ್‌ಪಿಎಂನ 5 ಎಚ್‌ಪಿ ಮೋಟಾರಿನಲ್ಲಿ ಬಹಳ ಸಲ 6206 ಇರುತ್ತದೆ. ನಂಬರ್ ಅಳಿಸಿದ್ದರೆ ವರ್ನಿಯರ್‌ನಲ್ಲಿ ಅಳೆಯಿರಿ. ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರ್ ಬಂದರೆ 6206 ಅಂತಲೇ ಲೆಕ್ಕ. ಯಾವ ಕಂಪನಿಯ 6206 ಆದರೂ ಅದೇ ಅಳತೆ. ಗಿರಣಿಯಲ್ಲಿ ಹಿಟ್ಟಿನ ಧೂಳು ಇರುತ್ತದಲ್ವಾ, ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ನಕಲಿ ಬೇರಿಂಗ್ ಕಾಟ ನಮ್ಮ ಕಸುಬಿನ ದೊಡ್ಡ ತಲೆನೋವು. ಕಂಪನಿಯ ಡೀಲರ್ ಹತ್ತಿರವೇ ಬಿಲ್ ಹಾಕಿಸಿ ತನ್ನಿ.

ಹೊಸ ಬೇರಿಂಗ್ ಎಂಡ್ ಕವರಿನಲ್ಲಿ (ಮೋಟಾರಿನ ತುದಿಯ ಮುಚ್ಚಳದಲ್ಲಿ) ಲೊಡಲೊಡ ಆಡಿದರೆ, ಕೆಲವರು ಪಂಚ್ ಹೊಡೆದು ಬಿಗಿ ಮಾಡುತ್ತಾರೆ. ಒಪ್ಪಬೇಡಿ. ಅದು ಸ್ವಲ್ಪ ದಿನದಲ್ಲೇ ಸಡಿಲವಾಗಿ, ಒಳಗೆ ತಿರುಗುವ ರೋಟರ್ ಹೋಗಿ, ಸುತ್ತಲೂ ತಂತಿ ಸುತ್ತಿರುವ ಸ್ಟೇಟರಿಗೆ ಉಜ್ಜುತ್ತದೆ. ಆಮೇಲೆ ಉಳಿಸುವುದು ನಿಜಕ್ಕೂ ಕಷ್ಟ. ಲೇತ್ ಅಂಗಡಿಯಲ್ಲಿ ಕವರ್ ಬೋರ್ ಮಾಡಿಸಿ ಬುಷ್ (ಒಳಗೆ ಕೂರುವ ಲೋಹದ ಬಳೆ) ಹಾಕಿಸಿ. ಒಳ್ಳೆಯ ಟರ್ನರ್ ಸಿಕ್ಕರೆ ಅದು ಹೊಸದರಷ್ಟೇ ಗಟ್ಟಿ.

ಫ್ಯಾನಿಗೆ ಶಾಫ್ಟಿನ ದಪ್ಪ ಮತ್ತು ಕವರಿನ ಒಳಗಿನ ಅಗಲ ಬರೆದುಕೊಂಡು ಹೋಗಿ. ಪ್ಲಾಸ್ಟಿಕ್ಕಿನದು ಸಿಗುತ್ತದೆ. ನೇರ ಎಲೆಗಳ ಫ್ಯಾನ್ ಆದರೆ ಮೋಟಾರ್ ಯಾವ ಕಡೆ ತಿರುಗಿದರೂ ಗಾಳಿ ಕೊಡುತ್ತದೆ. ಸುಟ್ಟ ಟರ್ಮಿನಲ್ ಪ್ಲೇಟನ್ನು (ನೀವು ಹೇಳಿದ ವೈರ್ ಕೊಡುವ ಪ್ಲೇಟ್) ಎಸೆಯದೆ ಜೊತೆಗೆ ಒಯ್ಯಿರಿ. ಆರು ಸ್ಟಡ್, ಅವುಗಳ ನಡುವಿನ ಅಂತರ, ಸ್ಕ್ರೂ ತೂತು ಹೊಂದಿದರೆ ಸಾಕು. ಬಿಚ್ಚುವ ಮೊದಲು ಸ್ಟಡ್‌ಗಳನ್ನು ಸೇರಿಸುವ ಪತ್ತಿಗಳು ಹೇಗೆ ಜೋಡಿಸಿವೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ತಿಪಟೂರಿನಲ್ಲಿ ಸಿಗದಿದ್ದರೆ ತುಮಕೂರು, ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ.

ವೈಂಡಿಂಗ್ ಸುಟ್ಟಿದೆ ಅಂತ ಯಾರಾದರೂ ಸುಮ್ನೆ ಹೇಳಿದರೆ ನಂಬಬೇಡಿ. 500 ವೋಲ್ಟ್ ಮೆಗ್ಗರ್ (ತಂತಿಯ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೂ ಅದು ಬರೀ ತೇವ ಇರಬಹುದು. ರೋಟರ್ ಹೊರಗೆ ತೆಗೆದು, ಸ್ಟೇಟರ್ ಒಳಗೆ 100 ವ್ಯಾಟಿನ ಹಳೇ ಬಲ್ಬ್ ತಂತಿಗೆ ತಾಗದಂತೆ ರಾತ್ರಿಯಿಡೀ ಉರಿಸಿ, ಮತ್ತೆ ನೋಡಲು ಹೇಳಿ. ನಿಜವಾಗಿ ಸುಟ್ಟಿದ್ದರೆ ಹಳೇ ತಂತಿಯ ಗೇಜು (ದಪ್ಪ), ಸುತ್ತು, ಪಿಚ್ (ಸುರುಳಿಯ ಎರಡು ಬದಿಗಳ ನಡುವಿನ ಅಂತರ) ಬರೆದುಕೊಂಡೇ ಕತ್ತರಿಸಬೇಕು. ಬೆಂಕಿ ಹಚ್ಚಿ ತಂತಿ ಕೀಳುವವರಿಗೆ ಮಾತ್ರ ಕೊಡಬೇಡಿ. ಕಬ್ಬಿಣದ ಹಾಳೆಗಳ ನಡುವಿನ ಲೇಪ ಸುಟ್ಟುಹೋಗುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ತಂತಿ ಸುತ್ತಿದರೂ ಮೋಟಾರ್ ಬಿಸಿಯಾಗುತ್ತಲೇ ಇರುತ್ತದೆ, ಕರೆಂಟೂ ಜಾಸ್ತಿ ತಿನ್ನುತ್ತದೆ.

ಎಲ್ಲ ಜೋಡಿಸಿದ ಮೇಲೆ ಬೆಲ್ಟ್ ಹಾಕದೆ ಅರ್ಧ ಗಂಟೆ ಓಡಿಸಿ. ಮೂರೂ ಫೇಸಿಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿಸಿ, ಆಂಪ್ಸ್ ಹೆಚ್ಚುಕಮ್ಮಿ ಒಂದೇ ಇರಬೇಕು. ಆಮೇಲೆ ಬೆಲ್ಟ್ ಹಾಕಿ ರಾಗಿ ಬೀಸುವಾಗ ಇನ್ನೊಮ್ಮೆ ನೋಡಿ. 7-8 ಆಂಪ್ಸ್ ದಾಟದಿದ್ದರೆ ಗಿರಣಿ ಧೈರ್ಯವಾಗಿ ಶುರು ಮಾಡಿ.