ಯುರೋಪಿನ ‘ಟಿ ಪಂಪ್’ ಎಂಬುದೊಂದು ಇಲ್ಲ

ಹಳೆಯ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಪಂಪ್) ಯಾವ ದೇಶದ ಮಾರುಕಟ್ಟೆಗೆಂದು ತಯಾರಾದದ್ದು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬಾಯಿಮಾತನ್ನು ನಂಬಿ ದುಡ್ಡು ಕಳೆದುಕೊಂಡವರನ್ನು ಕಂಡು ಬೇಸತ್ತು ಈ ಉತ್ತರಗಳನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಭಾವ 1972ರ ಪೋರ್ಷೆ 911ಟಿ ಕೊಳ್ಳಲಿದ್ದಾರೆ. ಅದರಲ್ಲಿ ‘ಯುರೋಪ್ ಮಾರುಕಟ್ಟೆಯ ಟಿ ಪಂಪ್’ ಇದೆ, ಶಕ್ತಿ ಹೆಚ್ಚು ಎಂದು ಮಾರುವವರು ಹೆಚ್ಚಿನ ಬೆಲೆ ಕೇಳುತ್ತಿದ್ದಾರೆ. ಫೋಟೋ ನೋಡಿ ಹೇಳಬಹುದೇ? (ಸುರತ್ಕಲ್)

ಉತ್ತರ: ಫೋಟೋ ನೋಡುವ ಮೊದಲೇ ಹೇಳುತ್ತೇನೆ, ಅಂಥ ಪಂಪ್ ಇಲ್ಲ. ಆ ವರ್ಷ ಯುರೋಪಿನಲ್ಲಿ ಮಾರಾಟವಾದ 911ಟಿ ಕಾರಿಗೆ ಇದ್ದದ್ದು ಜೆನಿತ್ ಕಾರ್ಬುರೇಟರ್, ಶಕ್ತಿ 130 ಅಶ್ವಶಕ್ತಿ. ಬಾಷ್ ಕಂಪನಿಯ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್ ಇದ್ದದ್ದು ಅಮೆರಿಕದ ಟಿ ಕಾರಿಗೆ, ಅದರ ಶಕ್ತಿ 140. ಹಾಗಾಗಿ ಆ ಕಾರಿನಲ್ಲಿರುವುದು ಒಂದೋ ಅದರದೇ ಅಮೆರಿಕದ ಪಂಪ್, ಇಲ್ಲವೇ ಇನ್ಯಾವುದೋ ಎಂಜಿನ್ನಿನಿಂದ, ಬಹುಶಃ ಎರಡೂ ಕಡೆ ಪಂಪಿನೊಂದಿಗೇ ಮಾರಾಟವಾದ 911ರ ಇನ್ನೆರಡು ಮಾದರಿಗಳಾದ 165 ಅಶ್ವಶಕ್ತಿಯ ‘ಇ’ ಅಥವಾ 190 ಅಶ್ವಶಕ್ತಿಯ ‘ಎಸ್’ ಎಂಜಿನ್ನಿನಿಂದ, ಬಿಚ್ಚಿ ತಂದದ್ದು.

ಮೊದಲು ಎಂಜಿನ್ನಿನ ಮಾದರಿ ಸಂಖ್ಯೆ ತರಿಸಿಕೊಳ್ಳಿ: 911/51 ಎಂದರೆ ಅಮೆರಿಕದ ಟಿ, 911/57 ಕಾರ್ಬುರೇಟರಿನ ಟಿ, 911/52 ಇ, 911/53 ಎಸ್. ಬಳಿಕ ಪಂಪಿನ ಮೈಮೇಲಿನ ಫಲಕದ ಸಂಖ್ಯೆಯನ್ನು ಅದರೊಂದಿಗೆ ತಾಳೆ ನೋಡಬೇಕು. ಅರ್ಧ ಶತಮಾನದ ಎಣ್ಣೆ, ಮಸಿ ಮೆತ್ತಿಕೊಂಡ ಆ ಫಲಕವನ್ನು ತಂತಿ ಬ್ರಶ್‌ನಿಂದ ಉಜ್ಜಬಾರದು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಕೆಗಳ ನೆರಳು ತಾನಾಗಿ ಎದ್ದು ಬರುತ್ತದೆ.

ಆದರೆ ಫಲಕವೂ ಕೊನೆಯ ಮಾತಲ್ಲ. ಪಂಪಿನೊಳಗೆ ಸ್ಪೇಸ್ ಕ್ಯಾಮ್ ಎಂಬ ಉಬ್ಬುತಗ್ಗಿನ ಲೋಹದ ತುಂಡಿದೆ. ಆಕ್ಸಿಲರೇಟರ್ ಒತ್ತಿದಂತೆ ಅದು ತಿರುಗುತ್ತದೆ, ಎಂಜಿನ್ನಿನ ವೇಗ ಏರಿದಂತೆ ಗವರ್ನರ್ ಎಂಬ, ವೇಗಕ್ಕೆ ಸ್ಪಂದಿಸುವ ಭಾಗ ಅದನ್ನು ಉದ್ದಕ್ಕೆ ಸರಿಸುತ್ತದೆ, ಯಾವ ಕ್ಷಣದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕೆಂಬುದು ಅದರ ಮೇಲ್ಮೈಯಲ್ಲೇ ಕೆತ್ತಲ್ಪಟ್ಟಿದೆ. ಟಿ, ಇ, ಎಸ್ ಪಂಪ್‌ಗಳ ನಿಜವಾದ ವ್ಯತ್ಯಾಸ ಅಲ್ಲಿರುವುದರಿಂದ, ಹಿಂದೆ ಯಾರಾದರೂ ರಿಪೇರಿಯಲ್ಲಿ ಕ್ಯಾಮ್ ಬದಲಿಸಿದ್ದರೆ ಹೊರಗಿನ ಸಂಖ್ಯೆ ಸುಳ್ಳಾಗುತ್ತದೆ. ರಿಪೇರಿಯ ಬಿಲ್ಲುಗಳನ್ನು ಕೇಳಿ ಪಡೆಯಬೇಕಾದದ್ದು ಇದಕ್ಕೇ. ಟಿ ಎಂಜಿನ್ನಿಗೆ ಎಸ್ ಪಂಪ್ ಕಟ್ಟಿದ ಮಾತ್ರಕ್ಕೆ ಶಕ್ತಿ ಬರುವುದಿಲ್ಲ, ಗಾಳಿಯ ದಾರಿಯೂ ವಾಲ್ವಿನ ಕ್ಯಾಮ್‌ಶಾಫ್ಟೂ ಟಿಯದೇ ಆಗಿರುವುದರಿಂದ ಹೆಚ್ಚುವರಿ ಪೆಟ್ರೋಲ್ ಸುಮ್ಮನೆ ಹಾಳು.

ನಿಮ್ಮ ಭಾವನವರು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಲಿ. ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ, ಪಂಪಿನಿಂದ ಪೆಟ್ರೋಲ್ ಸೋರುತ್ತಿರಬಹುದಾದ್ದರಿಂದ, ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ನನ್ನ ಬಳಿಗೆ ಹಾಗೆ ಬಂದ ಒಂದು ಪಂಪನ್ನು ಅದಕ್ಕೂ ಮೊದಲು ಬಂದರಿನ ಬೋಟ್‌ಗಳ ಡೀಸೆಲ್ ಪಂಪ್ ರಿಪೇರಿ ಮಾಡುವವರೊಬ್ಬರು ‘ಎಲ್ಲಾ ಒಂದೇ’ ಎಂದು ಬಿಚ್ಚಿ ಸ್ಕ್ರೂಗಳನ್ನು ಮನಬಂದಂತೆ ತಿರುಗಿಸಿದ್ದರು. ಡೀಸೆಲ್ ಪಂಪಿನಲ್ಲಿ ಅವರ ಕೈ ಪಳಗಿದ್ದೇ ಇರಬಹುದು, ಆದರೆ ಪೆಟ್ರೋಲ್ ಪಂಪಿನ ಅಳತೆಗಳು ಕೈಯಲ್ಲಿಲ್ಲದೆ ಅದನ್ನು ಮುಟ್ಟುವುದು ಕ್ಷಮಿಸಲಾಗದ ತಪ್ಪು.

ಪ್ರಶ್ನೆ: 1973ರ ಅಮೆರಿಕದ 911ಟಿಯಲ್ಲಿ ಪಂಪ್ ಕಾಣುತ್ತಿಲ್ಲ, ಕಳವಾಗಿದೆಯೇ? (ಮಣಿಪಾಲ)

ಉತ್ತರ: ಆ ವರ್ಷದ ಜನವರಿಯಿಂದ ಅಲ್ಲಿನ ಟಿಗೆ ಈ ಪಂಪ್ ಬೇಡದ ಕೆ-ಜೆಟ್ರಾನಿಕ್ ಎಂಬ ಬೇರೆ ಬಗೆಯ ಇಂಜೆಕ್ಷನ್ ಬಂತು, ಕಾರು ತಯಾರಾದ ತಿಂಗಳನ್ನು ನೋಡಿ.

ಪ್ರಶ್ನೆ: ಅಮೆರಿಕದಿಂದ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಟಿಆರ್6ಗೆ ಲ್ಯೂಕಾಸ್ ಕಂಪನಿಯ ಯಾವ ಇಂಜೆಕ್ಷನ್ ಪಂಪ್? (ಕದ್ರಿ)

ಉತ್ತರ: ಯಾವುದೂ ಇಲ್ಲ, ಅಮೆರಿಕದ ಟಿಆರ್6 ಸ್ಟ್ರಾಂಬರ್ಗ್ ಕಾರ್ಬುರೇಟರಿನದು.

ಪ್ರಶ್ನೆ: ಶೇ 20 ಎಥೆನಾಲ್ ಪೆಟ್ರೋಲಿಗೆ ಬಾಟಲಿಯ ದ್ರಾವಣ ಸುರಿದರೆ ಪಂಪ್ ಉಳಿಯುತ್ತದೆಯೇ? (ಉಡುಪಿ)

ಉತ್ತರ: ಯಾವ ಬಾಟಲಿಯೂ ಪೆಟ್ರೋಲಿನಿಂದ ಎಥೆನಾಲನ್ನು ಹೊರತೆಗೆಯುವುದಿಲ್ಲ, ಹಾಗೆಂದು ಮಾರುವವರು ನಿಮಗೆ ಮೋಸ ಮಾಡುತ್ತಿದ್ದಾರೆ. ಎಥೆನಾಲ್ ತೇವ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನ ಪಂಪಿನೊಳಗೆ ಪೆಟ್ರೋಲ್ ತಳ್ಳುವ ಪ್ಲಂಜರ್‌ಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಹಳೆಯ ರಬ್ಬರ್ ಪೈಪುಗಳನ್ನು ಬದಲಿಸಿ. ಜೂನ್‌ಗೆ ಮೊದಲು ಟ್ಯಾಂಕ್ ಖಾಲಿ ಮಾಡಿಸಿ.