ಹಳೆ ಕಾರಿನ ಎಂಜಿನ್ ಭಾಗಗಳ ತುಕ್ಕು ತೆಗೆದು ಕಡಿಮೆ ಖರ್ಚಲ್ಲಿ ಬಣ್ಣ ಹಚ್ಚುವುದು ಹೇಗೆ?

ದುಬಾರಿ ದ್ರಾವಣ ಬೇಡ, ಬಿಳಿ ವಿನೆಗರ್ ಸಾಕು. ಮೊದಲು ಗ್ರೀಸನ್ನು ಡೀಸೆಲ್, ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ. ಬ್ರಾಕೆಟ್, ಎಂಜಿನ್ ಎಣ್ಣೆ ನಿಲ್ಲುವ ತಳದ ತೊಟ್ಟಿ ಅಂದರೆ ಆಯಿಲ್ ಸಂಪ್‌ನಂಥ ಕಬ್ಬಿಣದ ಭಾಗಗಳನ್ನು ವಿನೆಗರ್ ತುಂಬಿದ ಪ್ಲಾಸ್ಟಿಕ್ ಬಕೆಟ್ಟಲ್ಲಿ 24 ಗಂಟೆ ಮುಳುಗಿಸಿಟ್ಟು ತಂತಿ ಬ್ರಷ್ಷಿನಿಂದ ತಿಕ್ಕಿದರೆ ತುಕ್ಕು ಕಪ್ಪು ಕೆಸರಾಗಿ ಬಿಡುತ್ತದೆ. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ.

ಅಡುಗೆ ಸೋಡಾ ನೀರಲ್ಲಿ ಜಾಲಿಸಿ ತಕ್ಷಣ ಒಣಗಿಸಿ. ಮುಂಬಯಿ ಮಳೆಗಾಲದಲ್ಲಿ, ಡೊಂಬಿವಲಿಯ ನಮ್ಮ ಬಾಲ್ಕನಿಯಲ್ಲಿ, ನಾನು ಚಹಾ ಕುಡಿದು ಬರುವಷ್ಟರಲ್ಲಿ ಹೊಳೆಯುತ್ತಿದ್ದ ಬ್ರಾಕೆಟ್ ಮೇಲೆ ಕಿತ್ತಳೆ ಪುಡಿ ಕೂತಿತ್ತು! ದೀಪಾವಳಿ ಹೊತ್ತಿಗೆ ಮಾಡಿದರೆ ಈ ರಗಳೆ ಇಲ್ಲ.

ಬಣ್ಣ ತಾಗದಂತೆ, ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರಿಕೆ ತಡೆಯುವ ಪಟ್ಟಿ) ಕೂರುವ ಮುಖಕ್ಕೆ, ಥ್ರೆಡ್‌ಗಳಿಗೆ ಟೇಪ್ ಅಂಟಿಸಿ. ಪ್ರೈಮರ್ ಮೇಲೆ ಶಾಖ ತಡೆಯುವ ಎಂಜಿನ್ ಎನಾಮೆಲ್, ತೆಳುವಾಗಿ ಎರಡು-ಮೂರು ಕೋಟ್. ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಅದೂ ಸುಟ್ಟು ಉದುರುತ್ತದೆ, ಅಲ್ಲಿಗೆ 600 ಡಿಗ್ರಿ ತಾಳುವ ಬಣ್ಣವೇ ಬೇಕು.